ಪ್ರಾಗ್ ನಗರದಲ್ಲಿ ಮೂರು ದಿನ

ಮೂರು ದಿನಗಳ ರಜೆಯಲ್ಲಿ ಒಂದು ಪ್ರಾಚೀನ ರಾಜಧಾನಿಯನ್ನು ಪೂರ್ತಿಯಾಗಿ ನೋಡಿ ಬಂದೆನೆಂದು ಹೇಳುವವನ ಮಾತನ್ನು ಪ್ರಾಜ್ಞರಾದವರು ನಂಬಬಾರದು. ಅಷ್ಟರಲ್ಲಿ ಕಣ್ಣಿಗೆ ಬೀಳುವುದು ಕಲ್ಲು, ಗೋಪುರ, ಅಂಗಡಿಯ ಸಾಲು, ಇಷ್ಟೇ. ಆದರೂ ಒಂದೊಂದು ಊರಿಗೂ ಒಂದೊಂದು ಮರ್ಮವುಂಟು. ಅದು ತಿಳಿಯಿತೆಂದರೆ ನೋಡಿದ ಅಷ್ಟಿಷ್ಟಕ್ಕೂ ಅರ್ಥ ಬರುತ್ತದೆ. ಜೆಕ್ ಜನರ ರಾಜಧಾನಿಯಾದ ಪ್ರಾಗ್ ನಗರದ ಮರ್ಮ ನನಗೆ ಮೂರನೆಯ ದಿನ ತಿಳಿಯಿತು. ಮೊದಲೆರಡು ದಿನ ಎಲ್ಲರಂತೆ ನಾನೂ ಕತ್ತೆತ್ತಿ ನೋಡುತ್ತ ನಡೆದವನೇ.

ಮೊದಲನೆಯ ದಿನವನ್ನು ರಾಜರಿಗೆ ಸಲ್ಲಿಸುವುದು ಉಚಿತ. ವ್ಲತಾವಾ ನದಿಯ ಎಡದಂಡೆಯ ಗುಡ್ಡದ ಮೇಲೆ ಕೋಟೆಯಿದೆ. ಅದರೊಳಗೆ ಅರಮನೆಗಳೂ ಸಂತ ವಿಟಸನ ಹೆಸರಿನ ಮಹಾ ಚರ್ಚೂ ಇವೆ. ಈ ಚರ್ಚಿನ ಕೆಲಸ ಆರಂಭವಾದದ್ದು 1344ರಲ್ಲಿ, ಮುಗಿದದ್ದು 1929ರಲ್ಲಿ. ನಡುವೆ ಮತಯುದ್ಧಗಳು ಬಂದವು, ರಾಜವಂಶಗಳು ಬದಲಾದವು. ಅರ್ಧ ಕಟ್ಟಿದ ಗೋಡೆ ಮಾತ್ರ ತಲೆಮಾರುಗಳವರೆಗೆ ಹಾಗೆಯೇ ಕಾದು ನಿಂತಿತ್ತು. ಕೋಟೆಯಿಂದ ಇಳಿದು ಬಂದರೆ ಸಿಕ್ಕುವುದು ದೊರೆ ನಾಲ್ಕನೆಯ ಚಾರ್ಲ್ಸನು 1357ರಲ್ಲಿ ಅಡಿಗಲ್ಲಿಟ್ಟ ಕಲ್ಲಿನ ಸೇತುವೆ. 1841ರವರೆಗೂ ಊರಿನ ಎರಡು ದಂಡೆಗಳನ್ನು ಕೂಡಿಸುತ್ತಿದ್ದ ಸೇತುವೆ ಇದೊಂದೇ. ಇಕ್ಕೆಲಗಳಲ್ಲಿ ಸಂತರ ಮೂವತ್ತು ಶಿಲ್ಪಗಳಿವೆ. ಹಗಲಿನಲ್ಲಿ ಇಲ್ಲಿ ನಮ್ಮ ಜಾತ್ರೆಗಳನ್ನು ನೆನಪಿಗೆ ತರುವಷ್ಟು ಜನಸಂದಣಿ. ಆದಕಾರಣ ಸೂರ್ಯೋದಯಕ್ಕೆ ಮುಂಚೆ ಹೋಗತಕ್ಕದ್ದು. ಆಗ ನದಿಯ ಮಂಜಿನಲ್ಲಿ ಆ ಸಂತರೂ ನೀವೂ ಇಬ್ಬರೇ.

ಎರಡನೆಯ ದಿನ ಹಳೆಯ ಪಟ್ಟಣದ ಚೌಕ. ಪುರಭವನದ ಗೋಡೆಯ ಮೇಲೆ 1410ರ ಖಗೋಳ ಗಡಿಯಾರವಿದೆ. ಗಂಟೆಗೊಮ್ಮೆ ಅಸ್ಥಿಪಂಜರವೊಂದು ಹಗ್ಗವನ್ನೆಳೆಯುತ್ತದೆ, ಕ್ರಿಸ್ತನ ಶಿಷ್ಯರು ಕಿಟಕಿಯಲ್ಲಿ ಸಾಲಾಗಿ ಸಾಗುತ್ತಾರೆ. ಜನರು ಅದನ್ನು ನೋಡಿ ಚದುರುತ್ತಾರೆ. ಪಂಚಾಂಗದ ಪರಿಚಯವುಳ್ಳವರು ಮಾತ್ರ ಇನ್ನೂ ಕೊಂಚ ಹೊತ್ತು ನಿಲ್ಲಬೇಕು. ಸೂರ್ಯಚಂದ್ರರು ಯಾವ ರಾಶಿಯಲ್ಲಿರುವರೆಂಬುದನ್ನು ಆ ಗಡಿಯಾರ ತೋರಿಸುತ್ತದೆ; ಅದರ ಹೊರಬಳೆಯ ಇಪ್ಪತ್ತನಾಲ್ಕು ಅಂಕಗಳು ಸೂರ್ಯಾಸ್ತದಿಂದ ಹೊತ್ತನ್ನು ಎಣಿಸುತ್ತವೆ, ನಮ್ಮ ಹಿರಿಯರು ಸೂರ್ಯೋದಯದಿಂದ ಘಳಿಗೆಗಳನ್ನು ಎಣಿಸುತ್ತಿದ್ದ ಹಾಗೆ.

ಅಲ್ಲಿಯೇ ನೆಲದ ಕಲ್ಲುಹಾಸಿನಲ್ಲಿ ಇಪ್ಪತ್ತೇಳು ಬಿಳಿಯ ಶಿಲುಬೆಗಳನ್ನು ಕೂಡಿಸಿದ್ದಾರೆ. ಹ್ಯಾಬ್ಸ್‌ಬರ್ಗ್ ಚಕ್ರವರ್ತಿಯ ವಿರುದ್ಧ ಎದ್ದು 1620ರ ಯುದ್ಧದಲ್ಲಿ ಸೋತ ಪಕ್ಷದ ಇಪ್ಪತ್ತೇಳು ಮಂದಿ ಮುಖಂಡರಿಗೆ 1621ರ ಜೂನ್ 21ರಂದು ಇಲ್ಲಿ ಮರಣದಂಡನೆಯಾಯಿತು. ಸೋತವರೊಡನೆ ಅವರ ಭಾಷೆಯ ಅದೃಷ್ಟವೂ ಕುಂದಿತು. ರಾಜ್ಯಭಾರದಲ್ಲಿಯೂ ವಿದ್ಯಾವಂತರ ಮನೆಗಳಲ್ಲಿಯೂ ಕ್ರಮೇಣ ಜರ್ಮನ್ ನೆಲೆಗೊಂಡಿತು. 1348ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯದಲ್ಲಿ 1784ರಿಂದ ಲ್ಯಾಟಿನ್ನಿನ ಬದಲಿಗೆ ಜರ್ಮನ್ನಿನಲ್ಲಿ ಬೋಧನೆ ನಡೆಯಿತು. ಜೆಕ್ ಭಾಷೆ ಹೊಲದಲ್ಲಿ, ಅಡಿಗೆಮನೆಯಲ್ಲಿ, ಸಂತೆಯಲ್ಲಿ ಬದುಕಿಕೊಂಡಿತು. ಆ ಭಾಷೆಯ ವ್ಯಾಕರಣವನ್ನು 1809ರಲ್ಲಿ ಬರೆದ ದೊಬ್ರೋವ್‌ಸ್ಕಿ ಎಂಬ ಮಹಾ ಪಂಡಿತನು ಅದನ್ನು ಬರೆದದ್ದು ಜರ್ಮನ್ನಿನಲ್ಲಿ!

ಈ ಕಥೆಯ ಉತ್ತರಾರ್ಧವನ್ನು ಮೂರನೆಯ ದಿನ ನದಿಯ ಬಲದಂಡೆಯಲ್ಲಿ ಕಂಡೆನು. ಅದು ರಾಷ್ಟ್ರೀಯ ರಂಗಮಂದಿರ. ಜೆಕ್ ಭಾಷೆಯ ನಾಟಕಗಳಿಗೂ ಗೀತನಾಟಕಗಳಿಗೂ ಒಂದು ಮನೆ ಬೇಕೆಂದು ಜನರು ಚಂದಾ ಎತ್ತಿ ಕಟ್ಟಿಸಿದ್ದು. 1868ರಲ್ಲಿ ಅಡಿಗಲ್ಲಿಡುವಾಗ ನಾಡಿನ ಪೂಜ್ಯ ಸ್ಥಳಗಳಿಂದ ಕಲ್ಲುಗಳನ್ನು ಮೆರವಣಿಗೆಯಲ್ಲಿ ತಂದರು. ಅವು ಈಗಲೂ ನೆಲಮಾಳಿಗೆಯಲ್ಲಿವೆ. 1881ರ ಜೂನ್ ತಿಂಗಳಿನಲ್ಲಿ ಮೊದಲ ಪ್ರದರ್ಶನ ನಡೆಯಿತು. ಆಗಸ್ಟ್ 12ರಂದು ಕಟ್ಟಡ ಹೊತ್ತಿ ಉರಿಯಿತು. ಜನರು ಗೋಳಿಟ್ಟು ಸುಮ್ಮನಾಗಲಿಲ್ಲ. ನಲವತ್ತೇಳು ದಿನಗಳಲ್ಲಿ ಹತ್ತು ಲಕ್ಷ ಗುಲ್ಡನ್ ಕೂಡಿತು. ಚಕ್ರವರ್ತಿಯೂ ಕೊಟ್ಟನು, ಕೂಲಿಯವನೂ ಕೊಟ್ಟನು. 1883ರ ನವೆಂಬರ್ 18ರಂದು ಸ್ಮೆತಾನನ ‘ಲಿಬುಷೆ’ಯೊಡನೆ ಬಾಗಿಲು ಮತ್ತೆ ತೆರೆಯಿತು. ಆ ಸಂಗೀತವನ್ನು ರಚಿಸಿದವನಿಗೆ ಅಷ್ಟರಲ್ಲಿ ಕಿವಿ ಪೂರಾ ಹೋಗಿತ್ತು. ಜರ್ಮನ್ನಿನಲ್ಲಿ ಓದಿ ಬೆಳೆದ ಆತನು ಜೆಕ್ ಭಾಷೆಯನ್ನು ಸರಿಯಾಗಿ ಬರೆಯಲು ಕಲಿತದ್ದು ದೊಡ್ಡವನಾದ ಮೇಲೆ. ರಂಗದ ನೆತ್ತಿಯಲ್ಲಿ ಎರಡೇ ಮಾತು ಕೆತ್ತಿದೆ: ‘ನಾಡು ತನಗಾಗಿ’ ಎಂದು ಅದರ ಅರ್ಥ.

ಅಂದು ಸಂಜೆ ಮೇಲಂತಸ್ತಿನ ಅಗ್ಗದ ಪೀಠದಲ್ಲಿ ಕುಳಿತು ಆ ಮಾತನ್ನೇ ನೋಡುತ್ತಿದ್ದೆನು. ಆದರೆ ಅದರ ಇನ್ನೊಂದು ಮಗ್ಗುಲನ್ನು ಮರೆಯಲಾಗದು. ಆ ಮಂದಿರ ಮರಳಿ ತೆರೆದ 1883ರಲ್ಲಿಯೇ ಇದೇ ಊರಿನಲ್ಲಿ ಹುಟ್ಟಿದ ಯೆಹೂದಿ ಕಾಫ್ಕನು ಜರ್ಮನ್ನಿನಲ್ಲಿ ಬರೆದನು. ಹಳೆಯ ಪಟ್ಟಣಕ್ಕೆ ಅಂಟಿಕೊಂಡ ಯೆಹೂದಿಗಳ ಕೇರಿಯಲ್ಲಿ, ಪಿಂಕಾಸ್ ಪ್ರಾರ್ಥನಾಮಂದಿರದ ಗೋಡೆಗಳ ಮೇಲೆ, ನಾಜಿಗಳಿಗೆ ಬಲಿಯಾದ ಸುಮಾರು 78,000 ಯೆಹೂದಿಗಳ ಹೆಸರುಗಳಿವೆ. 1945ರ ಅನಂತರ ಜರ್ಮನ್ ನುಡಿಯುವವರನ್ನು ಲಕ್ಷಗಟ್ಟಲೆಯಾಗಿ ದೇಶದಿಂದ ಹೊರಡಿಸಿದರು. ಮೂರು ಜನರು ಕೂಡಿ ಬಾಳಿದ ಊರು ಒಂದು ಜನರದಾಗಿ ಉಳಿಯಿತು. ‘ತನಗಾಗಿ’ ಎಂಬ ಮಾತಿನಲ್ಲಿ ನೆರೆಯವನಿಗೆ ಸ್ಥಳವಿಲ್ಲದೆ ಹೋದರೆ ಅದು ಕಟ್ಟುವ ಮಾತಾಗಿ ಉಳಿಯುವುದಿಲ್ಲ.

ಇಷ್ಟನ್ನೂ ತೂಗಿ ನೋಡಿದ ಮೇಲೆ ನನ್ನ ಮನಸ್ಸಿನಲ್ಲಿ ನಿಂತವನು ಚಕ್ರವರ್ತಿಯಲ್ಲ, ಯೋಸೆಫ್ ಯುಂಗ್‌ಮನ್ ಎಂಬ ಉಪಾಧ್ಯಾಯ. ಜರ್ಮನ್ನಿನಲ್ಲಿ ಪಾಠ ನಡೆಯುವ ಶಾಲೆಯಲ್ಲಿ ಅವನ ಜೀವನೋಪಾಯ. ಅಡಿಗೆಮನೆಯದೆನಿಸಿದ ಭಾಷೆ ಮಿಲ್ಟನ್ನನನ್ನು ಹೊರಬಲ್ಲುದೇ ಎಂದು ಅವನು ಯಾರನ್ನೂ ಕೇಳುತ್ತ ಕೂರಲಿಲ್ಲ. 1811ರಲ್ಲಿ ‘ಪ್ಯಾರಡೈಸ್ ಲಾಸ್ಟ್’ ಕಾವ್ಯವನ್ನು ಜೆಕ್ ಭಾಷೆಯಲ್ಲಿ ಅಚ್ಚು ಹಾಕಿಸಿದನು. ಸಾಲದ ಮಾತುಗಳನ್ನು ಪೋಲಿಷ್, ರಷ್ಯನ್ ಮೊದಲಾದ ಸೋದರ ಭಾಷೆಗಳಿಂದ ತಂದನು. ಆಮೇಲೆ 1834ರಿಂದ 1839ರವರೆಗೆ ಐದು ಸಂಪುಟಗಳ ಜೆಕ್–ಜರ್ಮನ್ ನಿಘಂಟನ್ನು ಹೊರತಂದನು. ಮಂದಿರದ ಕಲ್ಲುಗಳು ಬಂದದ್ದು ಆನಂತರ. ಮೊದಲು ಬಂದದ್ದು ಮಾತುಗಳು.

ನಾನೂ ಉಪಾಧ್ಯಾಯನೇ. ಇಂಗ್ಲಿಷ್ ಪಾಠ ಹೇಳಿ ಅನ್ನ ತಿನ್ನುವವನು. ಅದಕ್ಕಾಗಿ ನಾಚುವುದಿಲ್ಲ, ಏಕೆಂದರೆ ಯುಂಗ್‌ಮನ್ನನೂ ಪರಭಾಷೆಯನ್ನು ದ್ವೇಷಿಸಿದವನಲ್ಲ, ದುಡಿಸಿಕೊಂಡವನು. ಆದರೆ ವರ್ಷ ವರ್ಷವೂ ಮಿಲ್ಟನ್ನನ ಪಾಠ ಹೇಳಿದ ನಾನು ಅವನ ಒಂದು ಪುಟವನ್ನಾದರೂ ಕನ್ನಡಕ್ಕೆ ತರಲು ಕುಳಿತವನಲ್ಲ. ಪ್ರಾಗ್ ನೋಡಲು ಹೋದವನು ಪೆಟ್ಟಿಗೆಯಲ್ಲಿ ತಂದದ್ದು ಒಂದೆರಡು ಚಿತ್ರಪಟಗಳು. ಮನಸ್ಸಿನಲ್ಲಿ ತಂದದ್ದು ಆ ಒಂದು ಪುಟದ ಸಾಲ. ಅದನ್ನು ತೀರಿಸುವುದಕ್ಕೆ ಮೂರು ದಿನಗಳ ರಜೆ ಸಾಲದೆಂದು ಹೇಳುವ ಧೈರ್ಯ ಈಗ ನನಗಿಲ್ಲ.