ಜಗಲಿಯಿಂದ ಗಾಳಿಗೆ

ಸ್ವಾಹಿಲಿ ಭಾಷೆಯಲ್ಲಿ ಒಂದು ಗಾದೆಯುಂಟು: ‘ಲಿಸೆಮ್ವಾಲೋ ಲಿಪೋ, ಕಾಮ ಹಾಲಿಪೋ ಲಾಜ.’ ಜನ ಆಡುವ ಮಾತು ಇದ್ದೇ ಇದೆ, ಇಲ್ಲದಿದ್ದರೆ ಬರುತ್ತಲಿದೆ ಎಂದು ಅದರ ಅರ್ಥ. ಬೆಂಕಿಯಿಲ್ಲದೆ ಹೊಗೆಯಾಡದೆಂಬ ನಮ್ಮ ಗಾದೆಗಿಂತ ಇದು ಒಂದು ಹೆಜ್ಜೆ ಮುಂದೆ ಹೋಗಿದೆ. ಹೊಗೆ ಮೊದಲು ಕಾಣಿಸಿಕೊಂಡರೂ ಚಿಂತೆಯಿಲ್ಲ, ಬೆಂಕಿ ಹಿಂದಿನಿಂದ ಬಂದು ಸೇರಿಕೊಳ್ಳುತ್ತದೆ! ಪೂರ್ವ ಆಫ್ರಿಕದ ಕರಾವಳಿಯವರು ಲೋಕದ ಬಾಯಿಗೆ ಕೊಟ್ಟ ಮರ್ಯಾದೆ ಅಷ್ಟು ದೊಡ್ಡದು.

ಈ ಬಾಯಿಯ ಬಗೆಗಳನ್ನೂ ಅವರು ಎಚ್ಚರದಿಂದ ವಿಂಗಡಿಸಿದ್ದಾರೆ. ಪರರ ಗುಟ್ಟನ್ನು ಕೆದಕುವ ಚಪಲ ‘ಉಡಾಕು’. ಇಲ್ಲಿಯದನ್ನು ಅಲ್ಲಿಗೆ ಒಯ್ಯುವ ಚಾಡಿ ‘ಉಂಬೆಯಾ’. ಹುಟ್ಟಿಲ್ಲದ ಕಟ್ಟುಕಥೆ ‘ಉಜೂಶಿ’. ಕೇಳುವವರು ಈ ಮೂರರ ಅಂತರವನ್ನು ಬಲ್ಲವರಾಗಿದ್ದರೆ ಮಾತಿನಿಂದ ಅಷ್ಟೇನೂ ಕೇಡಿಲ್ಲ. ಆದರೆ ಆ ಅಂತರವನ್ನು ತಿಳಿಯುವುದು ಹೇಗೆ? ಹಿಂದೆ ಅದಕ್ಕೊಂದು ಸುಲಭ ಉಪಾಯವಿತ್ತು: ಹೇಳುವವರ ಮುಖ ನೋಡಿದರೆ ಸಾಕಾಗುತ್ತಿತ್ತು.

ಜಂಜಿಬಾರ್, ಲಾಮು ಮೊದಲಾದ ಹಳೆಯ ಪಟ್ಟಣಗಳ ಮನೆಗಳ ಮುಂದೆ ‘ಬರಾಜ’ ಎಂಬ ಕಲ್ಲುಜಗಲಿಗಳಿವೆ. ಸಂಜೆಯ ಹೊತ್ತು ಗಂಡಸರು ಅಲ್ಲಿ ಕಾಫಿ ಕುಡಿಯುತ್ತ ಊರಿನ ಸಮಾಚಾರವನ್ನೆಲ್ಲ ತೂಗುವರು. ಹೆಂಗಸರಿಗೆ ಇನ್ನೊಂದು ಸಾಧನವಿತ್ತು. ಅದು ಅವರು ಉಡುವ, ಹೊದೆಯುವ ‘ಕಾಂಗಾ’. ಬಣ್ಣದ ಅಂಚಿನ ಆ ಹತ್ತಿಬಟ್ಟೆಯ ಮೇಲೆ ಒಂದು ನುಡಿ ಅಚ್ಚಾಗಿರುತ್ತದೆ. ಸವತಿಗೋ ನೆರೆಯವಳಿಗೋ ನಾಟಿಸಬೇಕಾದ ಮಾತಿದ್ದರೆ ಬಾಯಿ ಬಿಡಬೇಕಾಗಿಲ್ಲ. ತಕ್ಕ ನುಡಿಯ ಕಾಂಗಾ ಉಟ್ಟು ಅವಳ ಬಾಗಿಲ ಮುಂದೆ ಹಾದುಹೋದರಾಯಿತು. ಮಾತು ಮರೆಯದೇ ಆದರೂ ಆಡಿದವಳು ಮರೆಯಲ್ಲಿರಲಿಲ್ಲ. ಅವಳ ಮೈಮೇಲೆಯೇ ಅದು ಬರೆದಿತ್ತು.

ಊರ ಮಾತೆಲ್ಲ ಹಗುರವಾದದ್ದೆಂದು ತಿಳಿಯಬಾರದು. ಮಡಕೆ ಮಾರುತ್ತಿದ್ದ ಬಡ ಹೆಣ್ಣು ಸಿತಿ ಬಿಂತಿ ಸಾದ್ ಜಂಜಿಬಾರಿನ ‘ತಾರಬ್’ ಸಂಗೀತದ ಮಹಾಗಾಯಕಿಯಾದಳು. 1928ರಲ್ಲಿ ಮುಂಬಯಿಗೆ ಬಂದು ಗ್ರಾಮಫೋನ್ ತಟ್ಟೆಗಳಿಗೆ ಹಾಡಿದಳು. ಅವಳ ಪ್ರಸಿದ್ಧ ಗೀತಗಳಲ್ಲಿ ‘ಕಿಜಿತಿ’ ಒಂದು. ದ್ವೀಪಕ್ಕೆ ಬಂದ ಹೆಣ್ಣೊಬ್ಬಳ ಕೊಲೆಯಾಯಿತು, ಕೊಂದವನು ತಪ್ಪಿಸಿಕೊಂಡ, ಅವಳ ಜೊತೆಗಿದ್ದ ಹೆಂಗಸರು ನ್ಯಾಯಾಲಯದಲ್ಲಿ ದಂಡನೆಗೆ ಗುರಿಯಾದರು. ವಸಾಹತು ಸರಕಾರದ ನ್ಯಾಯಾಲಯ ಮಾಡಿದ ಅನ್ಯಾಯವನ್ನು ಊರಿನ ನಾಲಗೆ ಮರೆಯಲಿಲ್ಲ. ಸಿತಿ ಅದನ್ನು ಹಾಡಿಗಿಟ್ಟಳು. ದುರ್ಬಲರಿಗೆ ಬೇರೆ ಕಟಕಟೆಯಿಲ್ಲದಾಗ ಊರಮಾತೇ ಕಟಕಟೆಯಾಗುತ್ತದೆ.

ಮುಂದೆ 1990ರ ದಶಕದಲ್ಲಿ ದಾರ್-ಎಸ್-ಸಲಾಮಿನ ರಂಗಗಳ ಮೇಲೆ ‘ಮಿಪಾಶೋ’ ಎಂಬ ಚುಚ್ಚುಮಾತಿನ ಹಾಡುಗಾರಿಕೆ ಮೆರೆಯಿತು. ಖದೀಜಾ ಕೋಪಾಳಂಥ ಗಾಯಕಿ ಎದುರಾಳಿ ತಂಡವನ್ನು ಕೆಣಕಿ ಹಾಡಿದರೆ, ಕೇಳುಗರು ಎದ್ದು ಬಂದು ನೋಟುಗಳನ್ನು ಅರ್ಪಿಸುವರು. 1992ರಲ್ಲಿ ತಾಂಜಾನಿಯಕ್ಕೆ ಬಹುಪಕ್ಷ ಪದ್ಧತಿ ಬಂದಿತು; ಆ ದಶಕದಲ್ಲಿಯೇ ಖಾಸಗಿ ಪತ್ರಿಕೆಗಳು ಹೆಚ್ಚಿದವು. ಅವುಗಳೊಡನೆ ತಾರೆಯರ ಗುಟ್ಟನ್ನೇ ಬಂಡವಾಳ ಮಾಡಿಕೊಂಡ ‘ಉಡಾಕು ಪತ್ರಿಕೆ’ಗಳೂ ಹುಟ್ಟಿಕೊಂಡವು. ಅವುಗಳ ಅಭಿರುಚಿಯನ್ನು ಹೊಗಳಬೇಕಾಗಿಲ್ಲ. ಆದರೂ ಪ್ರಕಾಶಕನಿಗೊಂದು ಹೆಸರು, ಕಚೇರಿಗೊಂದು ಬಾಗಿಲು ಇದ್ದವು. ನೊಂದವರು ಹೋಗಿ ಆ ಬಾಗಿಲನ್ನು ತಟ್ಟಬಹುದಾಗಿತ್ತು.

ಇಂದು ಉಡಾಕುವಿನ ವಾಸ ಕೈಫೋನಿನೊಳಗೆ. ಖದೀಜಾ ಕೋಪಾಳ ಮಗಳು ಜೂಚು 2020ರಲ್ಲಿ ಡೈಮಂಡ್ ಪ್ಲಾಟ್ನಮ್ಜ್ ಎಂಬ ಪ್ರಖ್ಯಾತ ಗಾಯಕನ ಸಂಸ್ಥೆಯಿಂದ ಹಾಡತೊಡಗಿ ತಾನೂ ತಾರೆಯಾದಳು. ತಾಯಿಯ ಕಾಲದಲ್ಲಿ ಚುಚ್ಚುವವರು ಎದುರಿನ ರಂಗದ ಮೇಲೆ ನಿಂತಿರುತ್ತಿದ್ದರು. ಮಗಳ ಕಾಲದಲ್ಲಿ ಅವರು ಎಲ್ಲಿಯೂ ಇಲ್ಲ, ಎಲ್ಲೆಲ್ಲಿಯೂ ಇದ್ದಾರೆ. ಜಗಲಿಯ ಮಾತು ಊರ ಗಡಿಯಲ್ಲಿ ನಿಲ್ಲುತ್ತಿತ್ತು, ಮಳೆಗಾಲ ಕಳೆಯುವುದರೊಳಗೆ ಮರೆತುಹೋಗುತ್ತಿತ್ತು. ಅಂತರ್ಜಾಲಕ್ಕೆ ಗಡಿಯೂ ಇಲ್ಲ, ಮರೆವೂ ಇಲ್ಲ.

ಮುಖವಿಲ್ಲದ ಮಾತನ್ನು ನಂಬುವ ಚಾಳಿ ತಾರೆಯರಿಗಷ್ಟೇ ಮುಳುವಾದುದಲ್ಲ. ‘ಆ ಹಣವನ್ನು ಈ ನಂಬರಿಗೇ ಕಳುಹಿಸು’ ಎಂಬರ್ಥದ ಒಂದು ಸಾಲಿನ ಸಂದೇಶ ತಾಂಜಾನಿಯದಲ್ಲಿ ಮನೆಮಾತಾಗಿದೆ. ಮೋಸಗಾರ ಅದನ್ನು ಕಂಡಕಂಡ ನಂಬರುಗಳಿಗೆ ಕಳುಹಿಸುತ್ತಾನೆ. ಆ ದಿನವೇ ಯಾರಿಗೋ ಹಣ ಕಳುಹಿಸಬೇಕಾಗಿದ್ದವನು, ಅವರೇ ಬರೆದರೆಂದು ಭಾವಿಸಿ, ಫೋನಿನಿಂದಲೇ ಹಣ ರವಾನಿಸಿಬಿಡುತ್ತಾನೆ. ಗಾಳಿಸುದ್ದಿ ನಡೆಯುವ ದಾರಿಯೂ ಇದೇ ಅಲ್ಲವೆ? ನಾವು ಮೊದಲೇ ನಂಬಲು ಸಿದ್ಧರಾಗಿದ್ದುದನ್ನು ಅದು ಬಂದು ಹೇಳುತ್ತದೆ. ಹೇಳಿದವರಾರೆಂದು ನಾವು ಕೇಳುವುದಿಲ್ಲ.

ಸರಕಾರ ಸುಮ್ಮನಿರಲಿಲ್ಲ. 2015ರಲ್ಲಿ ಸೈಬರ್ ಅಪರಾಧಗಳ ಕಾಯಿದೆ ಬಂದಿತು. ಪೀಡನೆಯನ್ನು ತಡೆಯುವ ವಿಧಿಯೂ ಅದರಲ್ಲಿತ್ತು. ಆದರೆ 2016ರಲ್ಲಿ ಅಧ್ಯಕ್ಷ ಮಗುಫುಲಿಯವರನ್ನು ಫೇಸ್‌ಬುಕ್ಕಿನಲ್ಲಿ ಹೀಗಳೆದನೆಂದು ಒಬ್ಬನಿಗೆ ಅದೇ ಕಾಯಿದೆಯಡಿ ಶಿಕ್ಷೆಯಾಯಿತು. 2018ರ ನಿಯಮಗಳ ಪ್ರಕಾರ ಅಂತರ್ಜಾಲದಲ್ಲಿ ಪ್ರಕಟಿಸುವವರು ಅರ್ಜಿ, ಪರವಾನಗಿ, ವಾರ್ಷಿಕ ಶುಲ್ಕವೆಂದು ಒಟ್ಟು 21 ಲಕ್ಷ ಶಿಲ್ಲಿಂಗ್, ಎಂದರೆ ಸುಮಾರು 900 ಡಾಲರು, ತೆರಬೇಕಾಯಿತು. ಅದೇ ವರ್ಷದ ಏಪ್ರಿಲಿನಲ್ಲಿ ಡೈಮಂಡ್ ತಾನೇ ಪ್ರಕಟಿಸಿದ ಒಂದು ದೃಶ್ಯ ಅಸಭ್ಯವೆಂಬ ಕಾರಣಕ್ಕೆ ಪೊಲೀಸರ ವಿಚಾರಣೆಗೆ ಒಳಗಾದ. ಜನರ ವೈಯಕ್ತಿಕ ಮಾಹಿತಿಯನ್ನು ರಕ್ಷಿಸುವ ಪ್ರತ್ಯೇಕ ಕಾಯಿದೆ ಬಂದುದು 2022ರಲ್ಲಿ. ಜಾರಿಗೆ ಬಂದುದು 2023ರಲ್ಲಿ.

ಈ ಅನುಕ್ರಮವನ್ನು ಗಮನಿಸಬೇಕು. ಆಡುವವರ ಬಾಯಿಗೆ ಬೀಗ ಮೊದಲು ಬಂದಿತು. ಆಡಿಸಿಕೊಂಡವರಿಗೆ ಕಾವಲು ಆಮೇಲೆ ಬಂದಿತು. ಇವೆರಡೂ ಒಂದೇ ಎಂದು ಭಾವಿಸುವುದು ತಪ್ಪು. ದುಬಾರಿ ಪರವಾನಗಿಯಿಂದ ಹೆಸರು ಹಾಕಿ ಬರೆಯುವ ಬಡವ ಹಿಂಜರಿಯುತ್ತಾನೆ. ಹೆಸರಿಲ್ಲದೆ ಕೆಸರೆರಚುವವನಿಗೆ ಪರವಾನಗಿಯ ಗೊಡವೆಯೇ ಇಲ್ಲ. ಇಂದಿನ ಸಿತಿಯ ನಾಲಗೆ ಕಟ್ಟಿಹೋಗಿ, ಕಟ್ಟುಕಥೆಯವನ ನಾಲಗೆ ಸಡಿಲವಾಗಿಯೇ ಉಳಿದರೆ, ಆ ರಕ್ಷಣೆ ಯಾರಿಗಾಗಿ?

ಕಾನೂನು ಮುಟ್ಟಲಾರದ ಒಂದು ಸ್ಥಳವಿದೆ; ಅದು ಓದುವವನ ಬೆರಳತುದಿ. ಉಡಾಕುವನ್ನು ಲೋಕ ಬಿಡಲಾರದು, ಬಿಡಬೇಕೆಂದು ಉಪದೇಶಿಸುವುದೂ ವ್ಯರ್ಥ. ಇದು ಉಡಾಕುವೋ, ಉಂಬೆಯಾವೋ, ಉಜೂಶಿಯೋ ಎಂದು ಮಾತನ್ನು ಮುಂದಕ್ಕೆ ಕಳುಹಿಸುವ ಮುನ್ನ ಒಂದು ಗಳಿಗೆ ಕೇಳಿಕೊಳ್ಳುವುದು ಮಾತ್ರ ಸಾಧ್ಯ. ಇಲ್ಲದ ಮಾತು ‘ಬರುತ್ತಲಿದೆ’ ಎನ್ನುತ್ತದೆ ಆ ಹಳೆಯ ಗಾದೆ. ಅದು ತಾನಾಗಿ ಬರುವುದಿಲ್ಲ. ಯಾರಾದರೂ ಹೊತ್ತುಕೊಂಡೇ ಬರಬೇಕು.