ಮದವು ಸಮಾಧಿಯಾದೀತೇ?



ಕೆಲವು ತಿಂಗಳ ಹಿಂದೆ ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿ ಮುಗಿದು, ಪ್ರಸಾದ ಸ್ವೀಕರಿಸಿ ಹೊರಡುವ ಹೊತ್ತಿಗೆ, ಭಕ್ತ ದಂಪತಿಗಳು ತಮ್ಮ ಮಗನನ್ನು ನಮ್ಮ ಬಳಿಗೆ ಕರೆತಂದರು. ಯುವಕನಿಗೆ ಇಪ್ಪತ್ತಾರರ ಪ್ರಾಯ, ಬೆಂಗಳೂರಿನಲ್ಲಿ ಉದ್ಯೋಗ. ಗೆಳೆಯರೊಡನೆ ವಿಹಾರಕ್ಕೆ ಹೋದಾಗ ಎಲ್‌ಎಸ್‌ಡಿ ಸವರಿದ ಸಣ್ಣ ಕಾಗದದ ಚೂರೊಂದನ್ನು ನಾಲಿಗೆಯ ಮೇಲೆ ಇರಿಸಿಕೊಂಡಿದ್ದನು. ಆ ರಾತ್ರಿ ತಾನು ಸತ್ತು ಮತ್ತೆ ಹುಟ್ಟಿದಂತೆ ಅವನಿಗೆ ಕಂಡಿತು. ಯಾವುದೋ ಹೊಳೆದಂಡೆಯ ಊರಿನಲ್ಲಿ ತನ್ನ ಹಿಂದಿನ ಜನ್ಮವೂ ಕಂಡಿತು. ಅಂದಿನಿಂದ ಮೂರು ವಾರ ಸರಿಯಾದ ನಿದ್ರೆಯಿಲ್ಲ, ಊಟದ ಪರಿವೆಯಿಲ್ಲ, ಉದ್ಯೋಗ ಬಿಡುವ ಮಾತು.

“ಡಾಕ್ಟರೇ, ನೀವು ಇಷ್ಟು ವರ್ಷ ಪೂಜೆ ಮಾಡಿ ಕಾಣದ್ದನ್ನು ನಾನು ಒಂದೇ ರಾತ್ರಿಯಲ್ಲಿ ಕಂಡೆ. ಇದರಲ್ಲಿ ತಪ್ಪೇನು?” ಎಂದು ಅವನು ಕೇಳಿದನು. ತಾಯಿಯ ಪ್ರಶ್ನೆ ಬೇರೆಯಿತ್ತು: “ಇದು ದೇವರು ಕೊಟ್ಟದ್ದೋ, ಹುಚ್ಚೋ, ನೀವೇ ಹೇಳ್ರಿ.”

ಎರಡೂ ಪ್ರಶ್ನೆಗಳು ಗಂಭೀರವಾದವು. ಗದರಿಸಿ ಕಳುಹಿಸಿದರೆ ಉತ್ತರ ಕೊಟ್ಟಂತಾಗುವುದಿಲ್ಲ. ಆದುದರಿಂದ ಈ ತಿಂಗಳ ಆರೋಗ್ಯ ವಿಭಾಗದಲ್ಲಿ ಈ ವಿಷಯವನ್ನೇ ವಿಚಾರಿಸೋಣ.

ಈ ದ್ರವ್ಯಗಳು ಯಾವುವು?

ಮನಸ್ಸಿನ ಗ್ರಹಿಕೆಯನ್ನೇ ಮಾರ್ಪಡಿಸುವ ಕೆಲವು ದ್ರವ್ಯಗಳಿಗೆ ಪಾಶ್ಚಾತ್ಯರು ಸೈಕಿಡೆಲಿಕ್ ಎಂದು ಹೆಸರಿಟ್ಟಿದ್ದಾರೆ. ಮೆಕ್ಸಿಕೋ ದೇಶದ ಮೂಲನಿವಾಸಿಗಳು ಪೂಜಾವಿಧಿಗಳಲ್ಲಿ ಬಳಸುತ್ತ ಬಂದ ಅಣಬೆಯಲ್ಲಿರುವ ಸಿಲೋಸೈಬಿನ್, ಪೆಯೋಟೆ ಎಂಬ ಕಳ್ಳಿಯಲ್ಲಿರುವ ಮೆಸ್ಕಲಿನ್ ಇವು ನಿಸರ್ಗದಿಂದ ಬಂದವು. ಎಲ್‌ಎಸ್‌ಡಿ ಪ್ರಯೋಗಾಲಯದಲ್ಲಿ ಹುಟ್ಟಿತು. ಸ್ವಿಟ್ಜರ್ಲೆಂಡಿನ ರಸಾಯನಶಾಸ್ತ್ರಜ್ಞ ಆಲ್ಬರ್ಟ್ ಹಾಫ್‌ಮನ್ 1938ರಲ್ಲಿ ಇದನ್ನು ತಯಾರಿಸಿದರು. 1943ರ ಏಪ್ರಿಲ್ 19ರಂದು ಕಾಲು ಮಿಲಿಗ್ರಾಂನಷ್ಟನ್ನು ತಾವೇ ಸೇವಿಸಿ ಅದರ ಪ್ರಭಾವವನ್ನು ಅನುಭವಿಸಿದರು. ಒಂದು ಸಾಸಿವೆ ಕಾಳಿಗಿಂತಲೂ ಹಗುರವಾದ ಈ ಪ್ರಮಾಣವು ಎಂಟು-ಹತ್ತು ಗಂಟೆಗಳ ಕಾಲ ಚಿತ್ತವನ್ನು ಅಲ್ಲೋಲಕಲ್ಲೋಲ ಮಾಡಬಲ್ಲುದು.

ಮಿದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕವು ನೆಲೆಗೊಳ್ಳುವ ಕೆಲವು ತಾಣಗಳಿಗೆ ಈ ದ್ರವ್ಯಗಳು ಹೋಗಿ ಅಂಟಿಕೊಳ್ಳುತ್ತವೆ. “ನಾನು, ನನ್ನದು” ಎಂಬ ಚಿಂತನೆಯೊಡನೆ ಸಂಬಂಧವುಳ್ಳ ಮಿದುಳಿನ ಜಾಲದ ಹಿಡಿತ ಆಗ ಸಡಿಲವಾಗುತ್ತದೆ. ಅಹಂಭಾವ ಕರಗಿದಂತೆ, ಕಾಲ ನಿಂತಂತೆ, ಸತ್ತು ಹುಟ್ಟಿದಂತೆ ತೋರುವುದು ಈ ಸ್ಥಿತಿಯಲ್ಲಿಯೇ.

ಗ್ರಂಥದಿಂದ ಗುಳಿಗೆಗೆ

ಪುನರ್ಜನ್ಮದ ವಿಚಾರವು ಈ ದ್ರವ್ಯಗಳಿಗೆ ತಳಕು ಹಾಕಿಕೊಂಡ ಬಗೆ ಕುತೂಹಲಕರವಾಗಿದೆ. ಟಿಬೆಟಿನ ಬೌದ್ಧರಲ್ಲಿ ‘ಬಾರ್ದೋ ಥೋದೋಲ್’ ಎಂಬ ಗ್ರಂಥವಿದೆ. ಪದ್ಮಸಂಭವನದೆಂದು ಹೇಳಲಾಗುವ ಈ ಗ್ರಂಥವನ್ನು 14ನೆಯ ಶತಮಾನದಲ್ಲಿ ಕರ್ಮಲಿಂಗ್ಪ ಎಂಬವನು ಪ್ರಕಟಪಡಿಸಿದನೆಂದು ಅವರ ಪರಂಪರೆ ನಂಬುತ್ತದೆ. ಮರಣಕ್ಕೂ ಮರುಹುಟ್ಟಿಗೂ ನಡುವೆ 49 ದಿನಗಳವರೆಗಿನ ಅಂತರಾಳವುಂಟೆಂದೂ, ಅಲ್ಲಿ ತೋರುವ ಬೆಳಕು, ಸೌಮ್ಯ ಮತ್ತು ಉಗ್ರ ದೇವತಾರೂಪಗಳೆಲ್ಲ ತನ್ನ ಚಿತ್ತದ್ದೇ ಎಂದು ಅರಿತವನು ಬಿಡುಗಡೆ ಹೊಂದುವನೆಂದೂ ಅದು ಬೋಧಿಸುತ್ತದೆ. ಮೃತನನ್ನು ಉದ್ದೇಶಿಸಿ ಅದನ್ನು ಓದುವರು. 1927ರಲ್ಲಿ, ಥಿಯಾಸಫಿಯ ಪ್ರಭಾವಕ್ಕೆ ಒಳಗಾಗಿದ್ದ ಇವಾನ್ಸ್ ವೆಂಟ್ಸ್ ಎಂಬವರು ಕಾಜಿ ದಾವಾ ಸಂದುಪ್ ಅವರ ಅನುವಾದವನ್ನು ಇಂಗ್ಲಿಷಿನಲ್ಲಿ ಹೊರತಂದರು.

1964ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ತಿಮೊತಿ ಲಿಯರಿ, ರಾಲ್ಫ್ ಮೆಟ್ಸ್ನರ್, ರಿಚರ್ಡ್ ಆಲ್ಪರ್ಟ್ ಈ ಗ್ರಂಥವನ್ನೇ ಎಲ್‌ಎಸ್‌ಡಿ ಸೇವನೆಯ ಕೈಪಿಡಿಯಾಗಿ ಮಾರ್ಪಡಿಸಿದರು. ಶರೀರದ ಮರಣವು ಅವರಿಗೆ ಅಹಂಕಾರದ ಮರಣವಾಯಿತು. ಪುನರ್ಜನ್ಮವೆಂದರೆ ಅಮಲಿಳಿದು ಎಚ್ಚರಕ್ಕೆ ಮರಳುವುದೆಂದಾಯಿತು. ಬಾಳಿನುದ್ದಕ್ಕೂ ಸಾಧನೆ ಮಾಡಿದವರು ಮರಣಕಾಲದಲ್ಲಿ ನೆನೆಯಬೇಕಾದ ಮಾತು, ಸಂಜೆಯ ಗುಳಿಗೆಯ ಜೊತೆಗೆ ಓದುವ ಸೂಚನಾಪತ್ರವಾಯಿತು. ನಮ್ಮ ಯುವಕನು ಆ ಪುಸ್ತಕವನ್ನು ಓದಿರಲಿಲ್ಲ. ಆದರೆ ಗೆಳೆಯರು ಮೊದಲೇ ಹೇಳಿದ್ದ “ನೀನು ಸತ್ತು ಹುಟ್ಟುತ್ತೀ” ಎಂಬ ಮಾತಿನ ಮೂಲ ಅಲ್ಲಿಯೇ ಇದೆ. ಇಂತಹ ದ್ರವ್ಯವನ್ನು ಸೇವಿಸಿದವನ ಮನಸ್ಸು, ಮೊದಲೇ ಕೇಳಿದ್ದನ್ನು ಕಾಣಲು ಸಿದ್ಧವಾಗಿರುತ್ತದೆ.

ಆ ಮೂವರಲ್ಲಿ ಒಬ್ಬರಾದ ಆಲ್ಪರ್ಟ್ 1967ರಲ್ಲಿ ಭಾರತಕ್ಕೆ ಬಂದು ಹಿಮಾಲಯದ ತಪ್ಪಲಿನಲ್ಲಿ ನೀಮ್ ಕರೋಲಿ ಬಾಬಾ ಅವರ ಶಿಷ್ಯರಾದರು. ರಾಮದಾಸ್ ಎಂಬ ಹೆಸರು ಪಡೆದರು. ತಾವು ಕೊಟ್ಟ ದೊಡ್ಡ ಪ್ರಮಾಣದ ಎಲ್‌ಎಸ್‌ಡಿಯನ್ನು ಬಾಬಾ ಸೇವಿಸಿದರೂ ಅವರಲ್ಲಿ ಏನೊಂದು ವ್ಯತ್ಯಾಸವೂ ಕಾಣಲಿಲ್ಲವೆಂದು ಅವರು ಬರೆದಿದ್ದಾರೆ. ಹಾರ್ವರ್ಡಿನಲ್ಲಿ ಈ ದ್ರವ್ಯಗಳ ಪ್ರಯೋಗ ನಡೆಸಿದವರೇ ಮುಂದೆ ಜಪ, ಧ್ಯಾನ, ಸೇವೆಗಳ ದಾರಿ ಹಿಡಿದರೆಂಬುದು ಗಮನಾರ್ಹ.

ನಮ್ಮ ಶಾಸ್ತ್ರಗಳು ಏನನ್ನುತ್ತವೆ?

“ನಮ್ಮ ಋಷಿಗಳೂ ಸೋಮರಸ ಕುಡಿಯಲಿಲ್ಲವೇ?” ಎಂದು ಯುವಕನು ಕೇಳಿದನು. ವೇದಕಾಲದ ಸೋಮವು ಯಾವ ಸಸ್ಯವೆಂಬುದು ಇಂದಿಗೂ ನಿರ್ಣಯವಾಗಿಲ್ಲ. ಅದು ಒಂದು ಬಗೆಯ ಅಣಬೆಯೆಂದು ಗಾರ್ಡನ್ ವ್ಯಾಸನ್ 1968ರಲ್ಲಿ ವಾದಿಸಿದರು. ಅನೇಕ ವಿದ್ವಾಂಸರು ಅದನ್ನು ಒಪ್ಪಲಿಲ್ಲ. ಗೊತ್ತಿಲ್ಲದ ಬಳ್ಳಿಯನ್ನು ಸಾಕ್ಷಿಗೆ ಕರೆಯುವುದು ತರವಲ್ಲ.

ಗೊತ್ತಿರುವ ಶಾಸ್ತ್ರವನ್ನೇ ನೋಡೋಣ. ಪತಂಜಲಿಯ ಯೋಗಸೂತ್ರದ ಕೈವಲ್ಯಪಾದವು ಸಿದ್ಧಿಗಳು ಹುಟ್ಟುವ ಐದು ಮೂಲಗಳನ್ನು ಎಣಿಸುತ್ತದೆ: ಜನ್ಮ, ಔಷಧಿ, ಮಂತ್ರ, ತಪಸ್ಸು, ಸಮಾಧಿ. ಔಷಧಿಯಿಂದ ಅಸಾಮಾನ್ಯ ಅನುಭವ ಉಂಟಾಗುವುದನ್ನು ನಮ್ಮ ಹಿರಿಯರು ಅಲ್ಲಗಳೆಯಲಿಲ್ಲ. ಆದರೆ ಕೆಲವೇ ಸೂತ್ರಗಳ ಬಳಿಕ ಪತಂಜಲಿ ಒಂದು ಗೆರೆ ಎಳೆಯುತ್ತಾರೆ: ಧ್ಯಾನದಿಂದ ಸಿದ್ಧವಾದ ಚಿತ್ತವೊಂದೇ ಕರ್ಮಾಶಯವಿಲ್ಲದ್ದು. ಕರ್ಮಾಶಯವೆಂದರೆ ಮರುಹುಟ್ಟಿಗೆ ಬೀಜವಾಗುವ ಸಂಸ್ಕಾರಗಳ ರಾಶಿ. ಔಷಧಿಯು ಒಂದು ನೋಟವನ್ನು ತೋರಿಸಬಹುದು, ಬೀಜವನ್ನು ಸುಡಲಾರದು. ಹಿಂದಿನ ಜನ್ಮವನ್ನು ಕಂಡೆನೆನ್ನುವವನ ಮುಂದಿನ ಜನ್ಮದ ಕಾರಣ ಹಾಗೆಯೇ ಉಳಿದಿರುತ್ತದೆ. ಈ ಲೇಖನದ ಸಾರವೆಲ್ಲ ಇಷ್ಟೇ.

ಆಯುರ್ವೇದವು ಇದನ್ನು ದ್ರವ್ಯದ ಗುಣದಿಂದ ವಿವರಿಸುತ್ತದೆ. ಜೀರ್ಣವಾಗುವ ಮೊದಲೇ ಮೈಯೆಲ್ಲ ವ್ಯಾಪಿಸುವ ದ್ರವ್ಯವನ್ನು ಶಾರ್ಙ್ಗಧರ ಸಂಹಿತೆಯು ‘ವ್ಯವಾಯಿ’ ಎಂದು ಕರೆದು, ಭಂಗಿ ಮತ್ತು ಅಫೀಮನ್ನು ಉದಾಹರಿಸುತ್ತದೆ. ಬುದ್ಧಿಯನ್ನು ಲೋಪಗೊಳಿಸುವ, ತಮೋಗುಣ ಪ್ರಧಾನವಾದ ದ್ರವ್ಯವನ್ನು ‘ಮದಕಾರಿ’ ಎನ್ನುತ್ತದೆ. ನಾವು ವೈದ್ಯರು ಶುದ್ಧಿ ಮಾಡಿದ ಭಂಗಿಯುಳ್ಳ ಜಾತೀಫಲಾದಿ ಚೂರ್ಣವನ್ನು ಗ್ರಹಣೀ ರೋಗದಲ್ಲಿ ಅಳತೆಯಿಂದ ಕೊಡುವುದುಂಟು. ಅಲ್ಲಿ ಉದ್ದೇಶ ಕರುಳಿನ ಸ್ವಾಸ್ಥ್ಯ, ದರ್ಶನವಲ್ಲ. ಶೋಧನೆ, ಮಾತ್ರೆ, ಕಾಲ, ರೋಗಿಯ ಬಲ ಈ ನಾಲ್ಕನ್ನೂ ನೋಡದೆ ಕೊಟ್ಟರೆ ಔಷಧವೂ ವಿಷವೇ.

ಪುನರ್ಜನ್ಮಕ್ಕೆ ಪ್ರಮಾಣ ಯಾವುದು?

ಚರಕಾಚಾರ್ಯರು ಪುನರ್ಜನ್ಮವನ್ನು ಒಪ್ಪಿದವರು. ಸೂತ್ರಸ್ಥಾನದ 11ನೆಯ ಅಧ್ಯಾಯದಲ್ಲಿ ಅದನ್ನು ಆಪ್ತೋಪದೇಶ, ಪ್ರತ್ಯಕ್ಷ, ಅನುಮಾನ, ಯುಕ್ತಿ ಎಂಬ ನಾಲ್ಕು ಪ್ರಮಾಣಗಳಿಂದ ಪರೀಕ್ಷಿಸುತ್ತಾರೆ. ಒಂದೇ ತಾಯಿತಂದೆಯರ ಮಕ್ಕಳಲ್ಲಿ ರೂಪ, ಬುದ್ಧಿ, ಭಾಗ್ಯಗಳ ಭೇದವೇಕೆ? ಯಾರೂ ಕಲಿಸದೆ ಹಸುಗೂಸು ಮೊಲೆಯುಣ್ಣುವುದು, ಅಳುವುದು, ಅಂಜುವುದು ಹೇಗೆ? ಇವು ಅವರು ಮುಂದಿಡುವ ಲೋಕಾನುಭವದ ಸಂಗತಿಗಳು. ಅಮಲಿನಲ್ಲಿ ಕಂಡ ನೋಟವನ್ನು ಅವರು ಎಲ್ಲಿಯೂ ಸಾಕ್ಷಿಯಾಗಿ ಎಣಿಸಿಲ್ಲ. ಆತ್ಮ, ಇಂದ್ರಿಯ, ಮನಸ್ಸು ಮತ್ತು ವಿಷಯಗಳ ಸನ್ನಿಕರ್ಷದಿಂದ ಹುಟ್ಟುವ ಸ್ಪಷ್ಟ ಬುದ್ಧಿಯೇ ಅವರಿಗೆ ಪ್ರತ್ಯಕ್ಷ. ಮನಸ್ಸು ನೆಲೆ ತಪ್ಪಿದ್ದರೆ ಎದುರಿಗಿರುವುದೂ ಕಾಣದೆಂದು ಅವರೇ ಹೇಳುತ್ತಾರೆ. ಹೀಗಿರುವಾಗ ನೆಲೆ ತಪ್ಪಿದ ಮನಸ್ಸಿಗೆ ಕಂಡದ್ದನ್ನು ಪ್ರತ್ಯಕ್ಷವೆನ್ನುವುದು ಹೇಗೆ?

ಆಧುನಿಕರಲ್ಲಿಯೂ ಈ ಎಚ್ಚರವಿದೆ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಇಯಾನ್ ಸ್ಟೀವನ್ಸನ್, ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಸತ್ವಂತ್ ಪಸ್ರಿಚಾ ಪೂರ್ವಜನ್ಮದ ಸ್ಮರಣೆಯ ಪ್ರಕರಣಗಳನ್ನು ಅಧ್ಯಯನ ಮಾಡಿದವರು. ಅವರು ಹುಡುಕಿದ್ದು ತಾವಾಗಿಯೇ ಹಿಂದಿನ ಬಾಳಿನ ಮಾತಾಡುವ ಎಳೆಯ ಮಕ್ಕಳನ್ನು. ಮಗು ಹೇಳಿದ ಊರು, ಮನೆ, ಹೆಸರುಗಳನ್ನು ಅಲ್ಲಿಗೇ ಹೋಗಿ ತಾಳೆ ನೋಡಿದರು. ಅವರ ನಿರ್ಣಯಗಳ ಬಗ್ಗೆ ವಿಜ್ಞಾನಿಗಳಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ತಾಳೆ ನೋಡುವ ಕ್ರಮ ಸರಿಯಾದುದು. ನಮ್ಮ ಯುವಕನಿಗೆ ಆ ಹೊಳೆಯ ಹೆಸರಾಗಲಿ, ಊರಿನ ಹೆಸರಾಗಲಿ ತಿಳಿದಿರಲಿಲ್ಲ.

ಅಲ್ಲಮ ಮತ್ತು ಗೋರಕ್ಷ

ಶರಣ ಪರಂಪರೆಯಲ್ಲಿ ಈ ಪ್ರಶ್ನೆಗೆ ಒಂದು ಕಥೆಯೇ ಉತ್ತರವಾಗಿದೆ. ಗೋರಕ್ಷನು ಸಾಧನೆಯಿಂದ ದೇಹವನ್ನು ವಜ್ರವಾಗಿಸಿಕೊಂಡಿದ್ದನು. ಅಲ್ಲಮಪ್ರಭುಗಳು ಖಡ್ಗದಿಂದ ಹೊಡೆದಾಗ ಅವನ ಮೈ ಖಣಿಲೆಂದಿತು. ಅದೇ ಖಡ್ಗವನ್ನು ಗೋರಕ್ಷನು ಪ್ರಭುವಿನ ಮೇಲೆ ಬೀಸಿದರೆ, ಬಯಲಲ್ಲಿ ಬೀಸಿದಂತೆ ಅದು ಹಾದುಹೋಯಿತು. ತಾಗಿ ಸದ್ದು ಮಾಡುವುದು ಸಿದ್ಧಿ. ತಾಗಲು ‘ನಾನು’ ಉಳಿಯದಿರುವುದು ಅರಿವು. “ನಾನು ಕಂಡೆ, ನೀವು ಕಾಣಲಿಲ್ಲ” ಎಂದು ಯುವಕನು ಹೇಳಿದಾಗ ನಮಗೆ ಕೇಳಿಸಿದ್ದು ಆ ಖಣಿಲೆಂಬ ಸದ್ದೇ. ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿಯಿಟ್ಟು ದಿನದಿನವೂ ಮಾಡುವ ಶಿವಯೋಗದಲ್ಲಿ ಬೆರಗಿನ ನೋಟಗಳು ಕಾಣದಿರಬಹುದು. ಆದರೆ ಎದ್ದ ಬಳಿಕ ಕಾಯಕದಲ್ಲಿ ನಿಷ್ಠೆ, ನಡೆಯಲ್ಲಿ ಮೃದುತ್ವ ಹೆಚ್ಚಿದವೇ ಎಂಬುದೇ ಅದರ ಒರೆಗಲ್ಲು.

ಚರಕರು ಧೀ, ಧೃತಿ, ಸ್ಮೃತಿ ಎಂದು ಮೂರನ್ನು ಹೇಳಿ, ಇವು ಕೆಟ್ಟಾಗ ಪ್ರಜ್ಞಾಪರಾಧವಾಗುವುದೆನ್ನುತ್ತಾರೆ. ಯಾವುದೇ ಅನುಭವದ ಬಳಿಕ ವಿವೇಕ, ಸಂಯಮ, ನೆನಪು ಈ ಮೂರೂ ಬಲಗೊಂಡರೆ ಅದು ಹಿತ. ಕುಂದಿದರೆ ಅದು ರೋಗ. ತಾಯಿಗೆ ನಾವು ಕೊಟ್ಟ ಉತ್ತರ ಇದೇ.

ಗೃಹಸ್ಥರು ತಿಳಿಯಬೇಕಾದದ್ದು

ಖಿನ್ನತೆಯಂತಹ ರೋಗಗಳಲ್ಲಿ ಸಿಲೋಸೈಬಿನ್ ಉಪಯುಕ್ತವೇ ಎಂದು ವಿದೇಶಗಳ ಆಸ್ಪತ್ರೆಗಳಲ್ಲಿ ಸಂಶೋಧನೆ ನಡೆದಿದೆ. ಅಲ್ಲಿ ವೈದ್ಯರು ಹತ್ತಿರವೇ ಇರುತ್ತಾರೆ. ಉನ್ಮಾದದಂತಹ ಕಾಯಿಲೆಯ ಕುಟುಂಬ ಚರಿತ್ರೆಯಿದ್ದವರನ್ನು ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ. ಅದನ್ನು ಗೆಳೆಯರ ಕೂಟಕ್ಕೆ ಹೋಲಿಸಲಾಗದು. ನಮ್ಮ ದೇಶದಲ್ಲಿ 1985ರ ಮಾದಕ ದ್ರವ್ಯ ಕಾಯಿದೆಯಂತೆ ಎಲ್‌ಎಸ್‌ಡಿ ಇಟ್ಟುಕೊಳ್ಳುವುದೂ ಸೇವಿಸುವುದೂ ಶಿಕ್ಷಾರ್ಹ ಅಪರಾಧ.

ಮನೆಯವರು ಇಂತಹ ಸ್ಥಿತಿಯಲ್ಲಿದ್ದರೆ ಗದರಿಸಬೇಡಿರಿ. ಶಾಂತವಾದ ಕೋಣೆಯಲ್ಲಿ ನಂಬಿಕೆಯವರೊಬ್ಬರು ಜೊತೆಗಿರಲಿ. ಜ್ವರ, ಸೆಳೆತ, ಎಚ್ಚರ ತಪ್ಪುವುದು, ತನಗೋ ಪರರಿಗೋ ಹಾನಿ ಮಾಡಿಕೊಳ್ಳುವ ಸೂಚನೆ ಕಂಡರೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ದತ್ತೂರಿ ಬೀಜ ತಿಂದಿದ್ದರೆ ಒಂದು ಕ್ಷಣವೂ ತಡ ಮಾಡಬೇಡಿರಿ, ಅದು ಪ್ರಾಣಾಂತಿಕ. ದಿನಗಟ್ಟಲೆ ನಿದ್ರೆಯಿಲ್ಲದೆ ವಿಚಿತ್ರ ಮಾತುಗಳು ಮುಂದುವರಿದರೆ ಮನೋವೈದ್ಯರನ್ನು ಕಾಣಿರಿ; ಅದರಲ್ಲಿ ನಾಚಿಕೆಪಡುವಂತಹದು ಏನೂ ಇಲ್ಲ.

ಆ ಯುವಕನ ದೊಡ್ಡಪ್ಪನಿಗೆ ಹಿಂದೆ ಉನ್ಮಾದದ ಕಾಯಿಲೆ ಇತ್ತೆಂಬುದು ವಿಚಾರಿಸಿದಾಗ ತಿಳಿಯಿತು. ನಾವು ಮೊದಲು ಮನೋವೈದ್ಯರಲ್ಲಿಗೆ ಕಳುಹಿಸಿದೆವು. ಅವರ ಔಷಧಿಯ ಜೊತೆಗೆ, ಅವರಿಗೆ ತಿಳಿಸಿಯೇ, ಅಭ್ಯಂಗ ಮತ್ತು ಶಿರೋಧಾರೆ ಮಾಡಿಸಿದೆವು. ಪುನರ್ಜನ್ಮದ ವಿಚಾರವಿರುವ ಅದೇ ಅಧ್ಯಾಯದಲ್ಲಿ ಚರಕರು ಹೇಳಿದ ಸತ್ತ್ವಾವಜಯ, ಅಂದರೆ ಅಹಿತ ವಿಷಯಗಳಿಂದ ಮನಸ್ಸನ್ನು ಹಿಂದೆಗೆಯುವ ಚಿಕಿತ್ಸೆ, ಅವನೊಡನೆ ಕುಳಿತು ಆಡಿದ ಮಾತುಗಳಲ್ಲಿ ನಡೆಯಿತು. ಎರಡು ತಿಂಗಳಲ್ಲಿ ನಿದ್ರೆ ಮರಳಿತು, ಉದ್ಯೋಗಕ್ಕೂ ಮರಳಿದನು. ಈಚೆಗೆ ಮಠಕ್ಕೆ ಬಂದವನು ಹೊಳೆದಂಡೆಯ ಊರಿನ ಮಾತೆತ್ತಲಿಲ್ಲ. ದಾಸೋಹದಲ್ಲಿ ಬಡಿಸಲು ನಿಂತನು. ತಾಯಿ ದೂರದಿಂದ ನೋಡುತ್ತಿದ್ದರು.