‘ಹಿಸಾರ್’ ಎಂದಷ್ಟೇ ಉಳಿದ ಪೈಸೆ

ಸಿರವಾರದವರು ರಾಯಚೂರಿಗೆ ಹೋಗಿ ಚೆನ್ನೈ ಕಡೆಯ ರೈಲು ಹತ್ತಿದರೆ ಆದೋನಿ, ಗುಂತಕಲ್ ದಾಟಿದ ಮೇಲೆ ಗುತ್ತಿ ಬರುತ್ತದೆ. ಈ ಕೋಟೆಯೂರಿನಲ್ಲಿ ಟಿಪ್ಪು ಸುಲ್ತಾನನ ಟಂಕಸಾಲೆಯೊಂದಿತ್ತು. ಅಲ್ಲಿ ಅಚ್ಚಾದ ತಾಮ್ರದ ಪೈಸೆಯ ಮೇಲೆ ಮಾತ್ರ ಗುತ್ತಿಯ ಹೆಸರಿಲ್ಲ. ಪಾರಸಿ ಲಿಪಿಯಲ್ಲಿ ‘ಫೈಜ್ ಹಿಸಾರ್’ ಎಂದಿದೆ. ಧಾರವಾಡದ ಪೈಸೆ ‘ಖುರ್ಷೀದ್ ಸವಾದ್’ ಎನ್ನುತ್ತದೆ, ಚಿತ್ರದುರ್ಗದ್ದು ‘ಫರ್ರುಖ್‌ಯಾಬ್ ಹಿಸಾರ್’. ಶ್ರೀರಂಗಪಟ್ಟಣ ‘ಪಟನ್’ ಆಗಿಯೇ ಉಳಿಯಿತು. ಊರಿಗೆ ಹೊಸ ಹೆಸರಿಡುವುದು ಟಿಪ್ಪುವಿನಿಂದ ಶುರುವಾದದ್ದೂ ಅಲ್ಲ. ಮೊಗಲರ ನಾಣ್ಯಗಳಲ್ಲಿ ಆದೋನಿ ‘ಇಮ್ತಿಯಾಜ್‌ಗಢ’.

ಈ ಪೈಸೆಯ ತೂಕ ಸುಮಾರು 11 ಗ್ರಾಂ. ಒಂದು ಬದಿಗೆ ಆನೆ, ಇನ್ನೊಂದು ಬದಿಗೆ ‘ಜರ್ಬ್’ ಎಂಬ ಮಾತಿನ ಜೊತೆ ಟಂಕಸಾಲೆಯ ಹೆಸರು. 1787ರಲ್ಲಿ ಟಿಪ್ಪು ಮೌಲೂದಿ ಶಕೆ ತಂದ ಮೇಲೆ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಹಾಗಾಗಿ 1215 ಎಂಬುದು ನಮ್ಮ ಕಣ್ಣಿಗೆ 5121 ಆಗಿ ಕಾಣುತ್ತದೆ. ಜೆ. ಆರ್. ಹೆಂಡರ್ಸನ್ ಹೈದರ್ ಮತ್ತು ಟಿಪ್ಪುವಿನ ನಾಣ್ಯಗಳ ಬಗ್ಗೆ 1921ರಲ್ಲಿ ಪ್ರಕಟಿಸಿದ ಗ್ರಂಥ ಇಂದಿಗೂ ಈ ಕೆಲಸಕ್ಕೆ ಆಧಾರ.

ಅಕ್ಷರ ಪೂರ್ತಿ ಇದ್ದರೆ ಓದಿದರೆ ಮುಗಿಯಿತು. ಆದರೆ ಬಿಲ್ಲೆಗಿಂತ ಅಚ್ಚು ದೊಡ್ಡದಿದ್ದಾಗ, ಅಥವಾ ಸುತ್ತಿಗೆಯ ಏಟು ಓರೆಯಾಗಿ ಬಿದ್ದಾಗ ಹೆಸರಿನ ಅರ್ಧ ಹೊರಗೇ ಉಳಿಯುತ್ತದೆ. ‘ಹಿಸಾರ್’ ಎಂದಷ್ಟೇ ಉಳಿದರೆ ಗುತ್ತಿಯೋ ಚಿತ್ರದುರ್ಗವೋ? ಮೊದಲ ಅಕ್ಷರ ಸಿಕ್ಕರೂ ಪ್ರಯೋಜನವಿಲ್ಲ, ಎರಡೂ ‘ಫೆ’ಯಿಂದಲೇ ಆರಂಭ. ನೋಡಬೇಕಾದದ್ದು ‘ಹಿಸಾರ್’ಗೆ ಮುಂಚಿನ ಅಕ್ಷರವನ್ನು. ‘ಫೈಜ್’ ಮುಗಿಯುವ ಅಕ್ಷರಕ್ಕೆ ಚುಕ್ಕೆ ಮೇಲಿರುತ್ತದೆ, ‘ಯಾಬ್’ ಮುಗಿಯುವ ಅಕ್ಷರಕ್ಕೆ ಕೆಳಗೆ. ಸವೆದ ತಾಮ್ರದಲ್ಲಿ ಒಂದು ಚುಕ್ಕೆ ಇಡೀ ಊರನ್ನೇ ನಿರ್ಧರಿಸಬಲ್ಲದು!

ರೋಮನ್ ಸಾಮ್ರಾಜ್ಯದ ಕೊನೆಯ ಶತಮಾನಗಳ ಕಂಚಿನ ನಾಣ್ಯಗಳಲ್ಲೂ ಇದೇ ತೊಡಕು. ಅಂಥವು ತಮಿಳುನಾಡಿನ ಕರೂರು, ಮದುರೆಗಳಲ್ಲಿ ಬಹಳಷ್ಟು ಸಿಕ್ಕಿವೆ. ಅವುಗಳ ಹಿಂಬದಿಯ ಚಿತ್ರದ ಕೆಳಗೆ, ಗೆರೆಯಡಿಯಲ್ಲಿ ಟಂಕಸಾಲೆಯ ಸಂಕೇತಾಕ್ಷರಗಳಿರುತ್ತವೆ. ‘ಎಸ್‌ಎಂಕೆ’ ಇದ್ದರೆ ಸಿಜಿಕಸ್, ‘ಎಸ್‌ಎಂಎನ್’ ಇದ್ದರೆ ನಿಕೊಮೀಡಿಯ. ಎರಡೂ ಇಂದಿನ ಟರ್ಕಿಯಲ್ಲಿವೆ. ಮೂರನೆಯ ಅಕ್ಷರ ಸವೆಯಿತೋ, ಮತ್ತೆ ಅದೇ ಪ್ರಶ್ನೆ.

ಆಗ ನೆರವಿಗೆ ಬರುವುದು ಅಚ್ಚಿನ ನಂಟು. ನನ್ನ ಮಟ್ಟಿಗೆ ಈ ಶಾಸ್ತ್ರದ ಅತಿ ಸುಂದರ ಭಾಗ ಇದು. ಅಚ್ಚನ್ನು ಕೈಯಿಂದ ಕೆತ್ತುತ್ತಿದ್ದರು, ಆದ್ದರಿಂದ ಒಂದು ಅಚ್ಚಿನ ಆನೆ ಇನ್ನೊಂದರ ಆನೆಯಂತಿರುವುದಿಲ್ಲ. ಸೊಂಡಿಲಿನ ಬಾಗು, ಬಾಲದ ತಿರುವು, ಅಂಚಿನ ಚುಕ್ಕೆಸಾಲಿನ ಅಂತರ, ಅಚ್ಚಿನಲ್ಲೇ ಬಿಟ್ಟ ಬಿರುಕು ಎಲ್ಲವೂ ಗುರುತೇ. ಹೆಸರು ಸ್ಪಷ್ಟವಿರುವ ಪೈಸೆಯ ಆನೆಯೂ ಹೆಸರು ಸವೆದ ಪೈಸೆಯ ಆನೆಯೂ ಒಂದೇ ಅಚ್ಚಿನವು ಎಂದು ತೋರಿಸಿದರೆ, ಎರಡನೆಯದನ್ನೂ ಅದೇ ಟಂಕಸಾಲೆಗೆ ಸೇರಿಸಲು ಬಲವಾದ ಆಧಾರ ಸಿಕ್ಕಂತೆ. ಇತಿಹಾಸವೂ ಸಾಕ್ಷಿ ಹೇಳುತ್ತದೆ. 1791ರಲ್ಲಿ ಮರಾಠರ ಕೈಸೇರಿದ ಧಾರವಾಡ ಟಿಪ್ಪುವಿಗೆ ಮರಳಲಿಲ್ಲ. ‘ಖುರ್ಷೀದ್ ಸವಾದ್’ ಎಂಬ ಪೈಸೆಯಲ್ಲಿ ಅದಕ್ಕಿಂತ ಈಚಿನ ಇಸವಿ ಕಂಡರೆ ಓದಿದ್ದನ್ನು ಮತ್ತೆ ಪರಿಶೀಲಿಸಬೇಕು.

ಎಕ್ಸ್-ಕಿರಣ ಹಾಯಿಸಿ ಲೋಹದ ಮಿಶ್ರಣ ತಿಳಿಯುವ ಯಂತ್ರಗಳೂ ಈಗ ಇವೆ. ಅವು ಮುಖ್ಯವಾಗಿ ಮೇಲ್ಪದರವನ್ನೇ ಓದುತ್ತವೆ, ಕಿಲುಬು ಲೆಕ್ಕ ತಪ್ಪಿಸುತ್ತದೆ. ಒಂದೇ ಕಡೆಯ ತಾಮ್ರ ಎರಡು ಟಂಕಸಾಲೆಗಳಿಗೂ ಹೋಗಿರಬಹುದು. ಹಾಗಾಗಿ ಅಕ್ಷರ ಮತ್ತು ಅಚ್ಚಿನ ಸಾಕ್ಷ್ಯವನ್ನೇ ನಾನು ಹೆಚ್ಚು ನಂಬುತ್ತೇನೆ.

ಹೊಲದಲ್ಲಿ ಇಂಥ ಪೈಸೆ ಸಿಕ್ಕರೆ ತಂಬಿಗೆ ಬೆಳಗುವಂತೆ ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಹುಳಿಗೆ ಕಿಲುಬಿನ ಜೊತೆ ಆ ಚುಕ್ಕೆಯೂ ಕರಗಿ ಹೋದೀತು. ಸಿಕ್ಕ ಹೊಲ, ಆಳ, ಜೊತೆಗಿದ್ದ ವಸ್ತುಗಳನ್ನು ಬರೆದಿಟ್ಟು ತಹಶೀಲ್ದಾರರಿಗೆ ಅಥವಾ ಪುರಾತತ್ವ ಇಲಾಖೆಗೆ ತಿಳಿಸಿ. ಗುತ್ತಿಯ ಪೈಸೆ ಮಾನ್ವಿಯ ಹೊಲದಲ್ಲಿ ಸಿಕ್ಕಿತೋ ದೇವದುರ್ಗದ ಹೊಲದಲ್ಲೋ ಎಂಬುದನ್ನು ಯಾವ ಅಕ್ಷರವೂ ಹೇಳದು, ಎತ್ತಿಕೊಂಡವರೇ ಹೇಳಬೇಕು.